ಶನಿಯ ಉಂಗುರಗಳೂ ಮ್ಯಾಕ್ಸ್‌ವೆಲ್ಲನೂ

ನಮ್ಮ ಜನರಿಗೆ ಶನಿಯ ಹೆಸರು ಹೊಸದಲ್ಲ. ವಾರದ ಒಂದು ದಿನಕ್ಕೆ ಅವನದೇ ಹೆಸರು. ಕಷ್ಟಗಳು ಒಂದರ ಮೇಲೊಂದು ಬಂದಾಗ ಶನಿಕಾಟವೆಂದು ನಿಟ್ಟುಸಿರು ಬಿಡುವವರೂ, ಶನಿವಾರ ಗುಡಿಗೆ ಹೋಗಿ ಎಳ್ಳೆಣ್ಣೆಯ ದೀಪ ಹಚ್ಚುವವರೂ ನಮ್ಮ ಊರುಗಳಲ್ಲಿ ಉಂಟು. ಸೂರ್ಯನನ್ನು ಒಮ್ಮೆ ಸುತ್ತಿಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುವ ಈ ಗ್ರಹಕ್ಕೆ ನಮ್ಮ ಹಿರಿಯರು ಶನೈಶ್ಚರ, ಅಂದರೆ ಮೆಲ್ಲಗೆ ನಡೆಯುವವನು, ಎಂದು ಹೆಸರಿಟ್ಟರು. ಬರಿಗಣ್ಣಿಗೆ ಅದು ಹೆಚ್ಚು ಮಿನುಗದ, ತುಸು ಹಳದಿ ಬಣ್ಣದ ನಕ್ಷತ್ರದಂತೆ ಕಾಣುತ್ತದೆ. ಆದರೆ ಒಂದು ಸಾಧಾರಣ ದೂರದರ್ಶಕದ ಮೂಲಕ ನೋಡಿದರೆ ಎಂಥವರೂ ಬೆರಗಾಗುತ್ತಾರೆ. ಗೋಳದ ಸುತ್ತ ಎಲ್ಲಿಯೂ ಅದನ್ನು ತಾಗದೆ ಒಂದು ಚಪ್ಪಟೆಯಾದ ಉಂಗುರ ನಿಂತಿರುತ್ತದೆ.

ಈ ಉಂಗುರ ಯಾವುದರಿಂದ ಆಗಿದೆ? ಯಾವ ಆಧಾರವೂ ಇಲ್ಲದೆ ಅದು ಹೇಗೆ ನಿಂತಿದೆ? ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಮೊದಲು ಕೊಟ್ಟವನು ಹೊಸ ದೂರದರ್ಶಕವನ್ನು ಕಟ್ಟಿದವನಲ್ಲ. ಕಾಗದ ಲೇಖನಿಗಳನ್ನು ಹಿಡಿದು ಲೆಕ್ಕ ಮಾಡಿದ ಇಪ್ಪತ್ತೈದರ ಹರೆಯದ ಅಧ್ಯಾಪಕನೊಬ್ಬ. ಅವನ ಹೆಸರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳು ಇರಲೇಬೇಕೆಂದು ಮುಂದೆ ತೋರಿಸಿಕೊಟ್ಟವನೂ ಅವನೇ. ಅವನು ಕಾಲವಾಗಿ ಸುಮಾರು ನೂರು ವರ್ಷಗಳ ಅನಂತರ, ಅವನ ಆ ಅಲೆಗಳೇ ಅವನ ಆ ಉಂಗುರಗಳೊಳಕ್ಕೆ ಹೊಕ್ಕು, ಅವನ ಮಾತು ನಿಜವೆಂದು ಸಾಕ್ಷಿ ಹೇಳಿದವು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಸಂಗತಿ ಅಪರೂಪ.

ಮ್ಯಾಕ್ಸ್‌ವೆಲ್ 1831ನೆಯ ಇಸವಿ ಜೂನ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಜಾನ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ವಕೀಲಿಕೆ ಓದಿದ್ದವನು. ಆದರೂ ಅವನ ಒಲವೆಲ್ಲ ಯಂತ್ರಗಳ ಕಡೆಗೆ. ತಾಯಿ ಫ್ರಾನ್ಸಿಸ್ ವಿವೇಕಿಯಾದ ಹೆಂಗಸು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಈ ಕುಟುಂಬ ನೈಋತ್ಯ ಸ್ಕಾಟ್ಲೆಂಡಿನ ಗ್ಲೆನ್‌ಲೇರ್ ಎಂಬ ತಮ್ಮ ಜಮೀನಿಗೆ ಹೋಗಿ ನೆಲೆಸಿತು. ಹೊಲ, ಹೊಳೆ, ದನಕರುಗಳ ನಡುವೆ ಬಾಲಕ ಬೆಳೆದನು.

ಈ ಬಾಲಕನಿಗೆ ಕಂಡುದನ್ನು ಕಂಡ ಹಾಗೆಯೇ ಬಿಡುವುದು ಗೊತ್ತಿರಲಿಲ್ಲ. ಪ್ರತಿಯೊಂದು ವಸ್ತುವನ್ನು ತೋರಿಸಿ, ಇದು ಹೇಗೆ ನಡೆಯುತ್ತದೆ ಎಂದು ಕೇಳುವುದು ಅವನ ಸ್ವಭಾವ. ಉತ್ತರ ಸ್ಪಷ್ಟವಾಗದಿದ್ದರೆ ಮತ್ತೆ ಮತ್ತೆ ಕೇಳುತ್ತಿದ್ದನು. ಮನೆಯ ಕರೆಗಂಟೆಗಳ ತಂತಿಗಳು ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಕೆರೆಯ ನೀರು ಯಾವ ದಾರಿಯಾಗಿ ಹೊರಗೆ ಹರಿಯುತ್ತದೆ ಎಂಬುದನ್ನೆಲ್ಲ ಹುಡುಕಿ ನೋಡಿದ ಮೇಲೆಯೇ ಅವನಿಗೆ ಸಮಾಧಾನ. ಇನ್ನೂ ಎಳೆಯ ಮಗುವಾಗಿದ್ದಾಗ ಆಡಲು ಕೊಟ್ಟ ತಗಡಿನ ತಟ್ಟೆಯಿಂದ ಬಿಸಿಲನ್ನು ಕೋಣೆಯೊಳಕ್ಕೆ ಹಾಯಿಸಿ, ಸೂರ್ಯನನ್ನು ಹಿಡಿದೆನೆಂದು ಅವನು ಹಿಗ್ಗಿದನಂತೆ. ಬೆಳಕಿನೊಡನೆ ಅವನ ಗೆಳೆತನ ಹೀಗೆ ಮೊದಲಾಯಿತು.

ಎಂಟನೆಯ ವಯಸ್ಸಿನಲ್ಲಿ ಅವನಿಗೆ ದೊಡ್ಡ ದುಃಖ ಬಂದೊದಗಿತು. 1839ರಲ್ಲಿ ತಾಯಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು. ಅಲ್ಲಿಯವರೆಗೆ ಅವನಿಗೆ ಪಾಠ ಹೇಳುತ್ತಿದ್ದವಳು ಆಕೆಯೇ. ಅನಂತರ ನೇಮಕವಾದ ಮನೆಪಾಠದ ತರುಣನು ಹುಡುಗನನ್ನು ದಡ್ಡನೆಂದು ಭಾವಿಸಿ ಹೊಡೆಯುತ್ತಿದ್ದನು. 1841ರಲ್ಲಿ ತಂದೆ ಅವನನ್ನು ಎಡಿನ್‌ಬರೋ ನಗರದಲ್ಲಿದ್ದ ಸೋದರತ್ತೆಯ ಮನೆಯಲ್ಲಿರಿಸಿ, ಅಲ್ಲಿನ ಅಕಾಡೆಮಿ ಶಾಲೆಗೆ ಸೇರಿಸಿದನು. ಹಳ್ಳಿಯಲ್ಲಿ ತಂದೆಯ ಮಾದರಿಯಂತೆ ಮಾಡಿಸಿದ ಬಟ್ಟೆ, ಚೌಕ ಮೂತಿಯ ಪಾದರಕ್ಷೆ, ಗ್ರಾಮ್ಯವಾದ ಉಚ್ಚಾರಣೆ ಇವುಗಳನ್ನು ಕಂಡು ಮೊದಲ ದಿನವೇ ಸಹಪಾಠಿಗಳು ಅವನನ್ನು ಹಿಡಿದೆಳೆದು ಬಟ್ಟೆ ಹರಿದರು. ಮರುಳನೆಂಬ ಅರ್ಥದ ಅಡ್ಡಹೆಸರೊಂದು ಅವನಿಗೆ ಅಂಟಿಕೊಂಡಿತು. ಹುಡುಗ ಯಾರ ಮೇಲೂ ದೂರು ಹೇಳಲಿಲ್ಲ. ಮೆಲ್ಲಮೆಲ್ಲನೆ ಲೂಯಿಸ್ ಕ್ಯಾಂಬೆಲ್, ಪೀಟರ್ ಟೇಟ್ ಎಂಬ ಬಾಳಿನುದ್ದದ ಗೆಳೆಯರು ದೊರೆತರು.

ದಡ್ಡನೆನಿಸಿಕೊಂಡ ಈ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಗುಂಡುಸೂಜಿ ಮತ್ತು ದಾರಗಳ ಸಹಾಯದಿಂದ ಹೊಸ ಬಗೆಯ ಅಂಡಾಕಾರದ ರೇಖೆಗಳನ್ನು ಎಳೆಯುವ ಕ್ರಮವನ್ನು ಕಂಡುಹಿಡಿದು ಒಂದು ಲೇಖನವನ್ನು ಬರೆದನು. 1846ರಲ್ಲಿ ಅದನ್ನು ಎಡಿನ್‌ಬರೋ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಬಾಲಕನೊಬ್ಬ ವಿದ್ವಾಂಸರ ಮುಂದೆ ನಿಂತು ಓದುವುದು ಉಚಿತವಲ್ಲವೆಂದು ಪ್ರಾಧ್ಯಾಪಕ ಫೋರ್ಬ್ಸ್ ಅವನ ಪರವಾಗಿ ಓದಿದನು. ಮುಂದೆ ಮೂರು ವರ್ಷ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿಯೂ, 1850ರಿಂದ ಕೇಂಬ್ರಿಜ್ಜಿನಲ್ಲಿಯೂ ವ್ಯಾಸಂಗ ಮಾಡಿ, 1854ರ ಗಣಿತ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆ ಹೊಂದಿದನು.

ಆ ಸುಮಾರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಒಂದು ಸ್ಪರ್ಧೆಯನ್ನು ಪ್ರಕಟಿಸಿತು. ನೆಪ್ಚೂನ್ ಗ್ರಹ ಎಲ್ಲಿರಬೇಕೆಂಬುದನ್ನು ಅದು ಕಾಣುವ ಮೊದಲೇ ಲೆಕ್ಕದಿಂದ ನಿರ್ಧರಿಸಿದ ಆಡಮ್ಸ್ ಎಂಬ ವಿದ್ವಾಂಸನ ಗೌರವಾರ್ಥ ಸ್ಥಾಪಿತವಾದ ಬಹುಮಾನ ಅದು. 1855ರಲ್ಲಿ ಪ್ರಕಟವಾದ ವಿಷಯ ಶನಿಯ ಉಂಗುರಗಳ ಚಲನೆ. ಉಂಗುರ ಗಟ್ಟಿಯಾದುದೆ, ದ್ರವವೆ, ಅಥವಾ ಬಿಡಿ ಬಿಡಿಯಾದ ದ್ರವ್ಯದ ರಾಶಿಯೆ? ಇವುಗಳಲ್ಲಿ ಯಾವುದು ಚೆದರದೆ ಉಳಿಯಬಲ್ಲುದು? ಇದನ್ನು ಗಣಿತದಿಂದ ವಿವೇಚಿಸಬೇಕಾಗಿತ್ತು.

ಪ್ರಶ್ನೆ ಹಳೆಯದು. 1610ರಲ್ಲಿ ಗೆಲಿಲಿಯೋ ಶನಿಯನ್ನು ದೂರದರ್ಶಕದಿಂದ ಮೊದಲು ನೋಡಿದಾಗ ಅದರ ಎರಡು ಪಕ್ಕಗಳಲ್ಲಿ ಏನೋ ಅಂಟಿಕೊಂಡಂತೆ ಕಂಡು ಗೊಂದಲಗೊಂಡಿದ್ದನು. ಅದು ಗ್ರಹವನ್ನು ಬಳಸಿ ನಿಂತ ಚಪ್ಪಟೆ ಉಂಗುರವೆಂದು 1659ರಲ್ಲಿ ವಿವರಿಸಿದವನು ಹಾಲೆಂಡಿನ ಹೈಗೆನ್ಸ್. 1675ರಲ್ಲಿ ಕ್ಯಾಸಿನಿ ಅದರ ನಡುವೆ ಒಂದು ಕಪ್ಪು ಸಂದನ್ನು ಕಂಡು, ಉಂಗುರ ಒಂದಲ್ಲ ಎಂದು ತೋರಿಸಿದನು. 1787ರಲ್ಲಿ ಫ್ರಾನ್ಸಿನ ಲಾಪ್ಲಾಸ್, ಎಲ್ಲೆಡೆ ಒಂದೇ ಸಮನಾದ ಗಟ್ಟಿ ಉಂಗುರ ಉಳಿಯಲಾರದೆಂದು ಗಣಿತದಿಂದ ಸಾಧಿಸಿದನು. ಅಲ್ಲಿಂದ ಮುಂದಕ್ಕೆ ಎಪ್ಪತ್ತು ವರ್ಷ ಆ ವಿಚಾರ ಹೆಚ್ಚು ಮುಂದುವರಿಯಲಿಲ್ಲ.

ಮ್ಯಾಕ್ಸ್‌ವೆಲ್ ಈ ಕೆಲಸವನ್ನು ಕೈಗೆತ್ತಿಕೊಂಡ ಕಾಲ ಅವನಿಗೆ ನೆಮ್ಮದಿಯ ಕಾಲವಾಗಿರಲಿಲ್ಲ. ಕಾಯಿಲೆಯ ತಂದೆಯ ಹತ್ತಿರ ಇರಬಹುದೆಂಬ ಆಸೆಯಿಂದ ಅವನು ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ಮಾರಿಷಲ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದನು. ಹುದ್ದೆ ದೊರೆಯುವುದಕ್ಕೆ ಮೊದಲೇ, 1856ರ ಏಪ್ರಿಲ್ ತಿಂಗಳಲ್ಲಿ, ತಂದೆ ತೀರಿಕೊಂಡನು. ಒಂಟಿಯಾಗಿ ಆಬರ್ಡೀನಿಗೆ ಹೋದ ಮ್ಯಾಕ್ಸ್‌ವೆಲ್ ಹಗಲೆಲ್ಲ ಪಾಠ ಹೇಳಿ, ಉಳಿದ ಹೊತ್ತನ್ನು ಶನಿಯ ಉಂಗುರಗಳಿಗೆ ಮೀಸಲಿಟ್ಟನು.

ಅವನು ನಡೆದ ದಾರಿಯನ್ನು ನಾವೂ ಸ್ವಲ್ಪ ಅನುಸರಿಸಬಹುದು. ಮೊದಲು ಉಂಗುರ ಗಟ್ಟಿಯಾದ ಬಳೆಯೆಂದೇ ಭಾವಿಸೋಣ. ಗ್ರಹ ಸರಿಯಾಗಿ ಅದರ ನಡುವೆ ಇರುವವರೆಗೆ ಎಲ್ಲ ಕಡೆಯ ಸೆಳೆತವೂ ಸಮ. ಆದರೆ ಬಳೆ ಕೂದಲೆಳೆಯಷ್ಟು ಒಂದು ಕಡೆಗೆ ಸರಿಯಿತೆನ್ನೋಣ. ಗ್ರಹಕ್ಕೆ ಹತ್ತಿರವಾದ ಅಂಚಿನ ಮೇಲೆ ಸೆಳೆತ ಹೆಚ್ಚುತ್ತದೆ. ದೂರವಾದ ಅಂಚಿನ ಮೇಲೆ ಕಡಿಮೆಯಾಗುತ್ತದೆ. ಹೀಗಾಗಿ ಬಳೆ ಮತ್ತಷ್ಟು ಸರಿದು, ಕೊನೆಗೆ ಗ್ರಹಕ್ಕೆ ಅಪ್ಪಳಿಸಿ ನುಚ್ಚುನೂರಾಗಬೇಕು. ಉಂಗುರದ ಭಾರವನ್ನು ಒಂದೆಡೆ ಹೆಚ್ಚು ಮಾಡಿದರೆ ಅದು ಉಳಿದೀತೆ? ಲೆಕ್ಕ ಮಾಡಿದಾಗ ಮ್ಯಾಕ್ಸ್‌ವೆಲ್ಲನಿಗೆ ವಿಚಿತ್ರವಾದ ಉತ್ತರ ಬಂದಿತು. ಒಟ್ಟು ಭಾರದ ಐದರಲ್ಲಿ ನಾಲ್ಕು ಪಾಲಿಗೂ ಸ್ವಲ್ಪ ಹೆಚ್ಚು ಒಂದೇ ಕಡೆ ಸೇರಿದ್ದರೆ ಮಾತ್ರ ಅದು ಸ್ಥಿರ. ಅಂದರೆ, ಬೆರಳಿಗೆ ಹಾಕುವ ಹರಳಿನುಂಗುರದಲ್ಲಿ ಚಿನ್ನಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ತೂಕದ ಹರಳು ಕುಳಿತಂತೆ! ಅಷ್ಟು ದೊಡ್ಡ ಹರಳು ಶನಿಯ ಉಂಗುರದಲ್ಲಿದ್ದರೆ ದೂರದರ್ಶಕಕ್ಕೆ ಕಾಣದೆ ಇರುತ್ತಿತ್ತೆ? ಆದುದರಿಂದ ಉಂಗುರ ಗಟ್ಟಿಯಾದುದಲ್ಲ.

ದ್ರವವಾಗಿದ್ದರೆ? ದ್ರವದಲ್ಲಿ ಏಳುವ ಅಲೆಗಳು ಬೆಳೆಯುತ್ತ ಹೋಗಿ ಉಂಗುರವನ್ನು ಹನಿಹನಿಯಾಗಿ ಒಡೆದುಬಿಡುತ್ತವೆ ಎಂದು ಅವನು ತೋರಿಸಿದನು. ಉಳಿದುದು ಒಂದೇ ದಾರಿ. ಉಂಗುರವೆಂದು ನಾವು ಕರೆಯುವುದು ಲೆಕ್ಕವಿಲ್ಲದಷ್ಟು ಬಿಡಿ ಕಣಗಳ ಸಮೂಹ. ಪ್ರತಿಯೊಂದು ಕಣವೂ ಪುಟ್ಟ ಚಂದ್ರನಂತೆ ತನ್ನ ಪಥದಲ್ಲಿ ತಾನು ಗ್ರಹವನ್ನು ಸುತ್ತುತ್ತಿದೆ. ಅವುಗಳ ನಡುವೆಯೂ ಅಲೆಗಳು ಏಳುತ್ತವೆ. ಆದರೆ ಕಣಗಳ ಭಾರ ಸಾಕಷ್ಟು ಕಡಿಮೆಯಿದ್ದರೆ ಆ ಅಲೆಗಳು ಉಂಗುರವನ್ನು ಕೆಡಿಸದೆ ಸುತ್ತು ಹಾಕುತ್ತಿರುತ್ತವೆ. ದೂರದಿಂದ ನೋಡುವ ನಮಗೆ, ದೂರದ ಮರಳದಿಣ್ಣೆ ಒಂದೇ ಹಾಸಿನಂತೆ ಕಾಣುವ ಹಾಗೆ, ಅದು ಒಂದೇ ಪಟ್ಟಿಯಂತೆ ತೋರುತ್ತದೆ.

1856ರ ಡಿಸೆಂಬರಿನಲ್ಲಿ ಪ್ರಬಂಧವನ್ನು ಕಳುಹಿಸಿದವನು ಅವನೊಬ್ಬನೇ. ಕೆಲಸ ಅಷ್ಟು ಕಠಿನವಾಗಿದ್ದುದರಿಂದ ಬೇರೆ ಯಾರೂ ಮುಂದೆ ಬಂದಿರಲಿಲ್ಲ. 130 ಪೌಂಡುಗಳ ಬಹುಮಾನ ಅವನಿಗೆ ಸಂದಿತು. ಬಹುಮಾನ ಬಂದಿತೆಂದು ಅವನು ತೃಪ್ತನಾಗಲಿಲ್ಲ. ಪರೀಕ್ಷಕರು ತೋರಿಸಿದ ಕೊರತೆಗಳನ್ನು ತಿದ್ದುತ್ತ ಮತ್ತೆ ಎರಡು ವರ್ಷ ದುಡಿದು, 1859ರಲ್ಲಿ ಅದನ್ನು ಪ್ರಕಟಿಸಿದನು. ಅಲೆಗಳ ಚಲನೆ ಎಲ್ಲರಿಗೂ ಅರ್ಥವಾಗಲೆಂದು, ದಂತದ ಪುಟ್ಟ ಗುಂಡುಗಳು ವರ್ತುಲವಾಗಿ ಏರಿಳಿಯುವ ಯಂತ್ರವೊಂದನ್ನು ಆಬರ್ಡೀನಿನ ಕುಶಲಕರ್ಮಿಯೊಬ್ಬನಿಂದ ಮಾಡಿಸಿದನು. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಏರಿ, ಗಣಿತವನ್ನು ಪ್ರಕೃತಿಗೆ ಅನ್ವಯಿಸಿದ ಕೃತಿಗಳಲ್ಲಿ ಇದು ಬಹಳ ಗಮನಾರ್ಹವಾದುದೆಂದು ಹೊಗಳಿದನು. ಆದರೂ ಒಂದು ಮಾತು ಉಳಿದಿತ್ತು. ಆ ಕಣಗಳನ್ನು ಯಾರೂ ಕಂಡಿರಲಿಲ್ಲ. ಆ ಕಾಲದ ಯಾವ ದೂರದರ್ಶಕಕ್ಕೂ ಅವು ಎಟುಕುವಂತಿರಲಿಲ್ಲ. ತರ್ಕದ ಬಲವೊಂದೇ ಅವನ ಪ್ರಮಾಣ.

ಈ ಉಂಗುರಗಳ ಅಭ್ಯಾಸ ಅವನಿಗೆ ಇನ್ನೊಂದು ದಾರಿಯನ್ನೂ ತೋರಿಸಿತು. ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಸಂಖ್ಯ ಕಣಗಳ ಲೆಕ್ಕವನ್ನು ಒಂದೊಂದಾಗಿ ಇಡುವುದು ಅಸಾಧ್ಯವೆಂದು ಅವನು ಅಲ್ಲಿ ಕಂಡುಕೊಂಡಿದ್ದನು. ಅನಿಲದ ಕಣಗಳಿಗೂ ಇದೇ ಮಾತು ಸಲ್ಲುತ್ತದೆ. 1859ರಲ್ಲಿ ಅವನು ಒಂದೊಂದು ಕಣವನ್ನು ಹಿಂಬಾಲಿಸುವುದನ್ನು ಬಿಟ್ಟು, ಎಷ್ಟು ಕಣಗಳು ಎಷ್ಟು ವೇಗದಲ್ಲಿ ಚಲಿಸುತ್ತಿರಬಹುದೆಂದು ಒಟ್ಟಾರೆಯಾಗಿ ಎಣಿಸುವ ನಿಯಮವನ್ನು ಕಂಡುಹಿಡಿದನು. ಅನಿಲಗಳ ವಿಜ್ಞಾನಕ್ಕೆ ಅದು ತಳಹದಿಯಾಯಿತು.

1858ರಲ್ಲಿ ಅವನು ತನ್ನ ಕಾಲೇಜಿನ ಮುಖ್ಯಸ್ಥನ ಮಗಳಾದ ಕ್ಯಾಥರಿನ್ ಡೇವರಳನ್ನು ಮದುವೆಯಾದನು. ಎರಡು ವರ್ಷಗಳಲ್ಲಿ ಆಬರ್ಡೀನಿನ ಎರಡು ಕಾಲೇಜುಗಳನ್ನು ಒಂದುಗೂಡಿಸಿದಾಗ ಹುದ್ದೆ ಕಳೆದುಕೊಂಡವನು ಮ್ಯಾಕ್ಸ್‌ವೆಲ್. ಎಡಿನ್‌ಬರೋದಲ್ಲಿ ಖಾಲಿಯಾದ ಸ್ಥಾನಕ್ಕೆ ಪ್ರಯತ್ನಿಸಿದನು; ಅದು ಅವನ ಬಾಲ್ಯದ ಗೆಳೆಯ ಟೇಟನಿಗೆ ಹೋಯಿತು. ಗೆಳೆತನ ಇದರಿಂದ ಎಳ್ಳಷ್ಟೂ ಕೆಡಲಿಲ್ಲ. ಅದೇ ವರ್ಷ ಸಿಡುಬು ತಗಲಿ ಮ್ಯಾಕ್ಸ್‌ವೆಲ್ ಸಾವಿನಂಚಿಗೆ ಹೋದನು. ಕ್ಯಾಥರಿನ್ ಹಗಲಿರುಳೂ ಹತ್ತಿರವಿದ್ದು ಆರೈಕೆ ಮಾಡಿ ಅವನನ್ನು ಉಳಿಸಿಕೊಂಡಳು. ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸ ದೊರೆಯಿತು. ಅಲ್ಲಿದ್ದಾಗ ಮನೆಯ ಅಟ್ಟದ ಮೇಲೆ ಅನಿಲಗಳ ಪ್ರಯೋಗಗಳನ್ನು ನಡೆಸಿದರೆ, ಬೆಂಕಿಯನ್ನು ಸರಿಯಾಗಿ ಉರಿಸಿ ಕೋಣೆಯ ಶಾಖವನ್ನು ಒಂದೇ ಸಮನಾಗಿ ಕಾಪಾಡುತ್ತಿದ್ದವಳು ಆಕೆಯೇ.

ಲಂಡನ್ನಿನ ಆ ಐದು ವರ್ಷಗಳಲ್ಲಿ ಮ್ಯಾಕ್ಸ್‌ವೆಲ್ಲನ ಬುದ್ಧಿ ತನ್ನ ಶಿಖರವನ್ನು ಮುಟ್ಟಿತು. ವಿದ್ಯುತ್ತು ಮತ್ತು ಕಾಂತತೆಗಳ ವಿಷಯದಲ್ಲಿ ಮೈಕೆಲ್ ಫ್ಯಾರಡೆ ಎಷ್ಟೋ ಪ್ರಯೋಗಗಳನ್ನು ಮಾಡಿದ್ದನು. ಕಾಂತದ ಸುತ್ತಣ ಬರಿದಾದ ಸ್ಥಳವೂ ಬರಿದಲ್ಲ, ಅಲ್ಲಿ ಬಲರೇಖೆಗಳು ಹರಡಿರುತ್ತವೆ ಎಂಬುದು ಅವನ ಭಾವನೆ. ಬಡ ಕಮ್ಮಾರನ ಮಗನಾದ ಫ್ಯಾರಡೆಗೆ ಉನ್ನತ ಗಣಿತ ತಿಳಿಯದು. ಗಣಿತಜ್ಞರಿಗೆ ಅವನ ಮಾತಿನಲ್ಲಿ ನಂಬಿಕೆ ಸಾಲದು. ಮ್ಯಾಕ್ಸ್‌ವೆಲ್ ಆ ಹಿರಿಯನ ಭಾವನೆಗಳಿಗೆ ಗಣಿತದ ರೂಪ ಕೊಟ್ಟನು. ಹಾಗೆ ಕೊಟ್ಟಾಗ ಯಾರೂ ನಿರೀಕ್ಷಿಸದ ಒಂದು ಫಲ ಹೊರಬಂದಿತು. ವಿದ್ಯುತ್ತಿನಲ್ಲಿ ಕಂಪನವಾದರೆ ಅದು ಕಾಂತತೆಯಲ್ಲಿ ಕಂಪನವನ್ನು ಹುಟ್ಟಿಸುತ್ತದೆ. ಅದು ಮತ್ತೆ ವಿದ್ಯುತ್ತಿನ ಕಂಪನವನ್ನು. ಹೀಗೆ ಒಂದನ್ನೊಂದು ಹಿಡಿದುಕೊಂಡು ಅಲೆಯೊಂದು ಆಕಾಶದಲ್ಲಿ ಮುಂದುವರಿಯಬೇಕು.

ಆ ಅಲೆಯ ವೇಗವೆಷ್ಟು? 1861ರ ಬೇಸಗೆಯ ರಜೆಯಲ್ಲಿ ಗ್ಲೆನ್‌ಲೇರಿನಲ್ಲಿದ್ದಾಗ ಅವನಿಗೆ ಸೂತ್ರ ಸಿಕ್ಕಿತು. ಆದರೆ ಅದರಲ್ಲಿ ಹಾಕಬೇಕಾದ ಅಳತೆಯ ಅಂಕಿಗಳು ಹಳ್ಳಿಯಲ್ಲಿ ಸಿಗುವಂತಿರಲಿಲ್ಲ. ರಜೆ ಮುಗಿದು ಲಂಡನ್ನಿಗೆ ಮರಳುವವರೆಗೆ ಅವನು ಕಾಯಬೇಕಾಯಿತು. ಜರ್ಮನಿಯ ವೆಬರ್ ಮತ್ತು ಕೋಲ್‌ರೌಶ್ ವಿದ್ಯುತ್ತಿನ ಪ್ರಯೋಗಗಳಿಂದ ಪಡೆದಿದ್ದ ಅಂಕಿಗಳನ್ನು ಹಾಕಿದಾಗ ಅಲೆಯ ವೇಗ ಸೆಕೆಂಡಿಗೆ 3,10,740 ಕಿಲೋಮೀಟರ್ ಎಂದು ಬಂದಿತು. ಬೆಳಕಿನ ವೇಗವನ್ನು ಫ್ರಾನ್ಸಿನ ಫಿಜೋ ಆಗ 3,14,858 ಕಿಲೋಮೀಟರ್ ಎಂದು ಅಳೆದಿದ್ದನು. ಎರಡೂ ಅಷ್ಟು ಹತ್ತಿರವಿರುವುದು ಆಕಸ್ಮಿಕವಾಗಿರಲಾರದು. ಬೆಳಕೂ ಒಂದು ವಿದ್ಯುತ್ಕಾಂತೀಯ ಅಲೆಯೇ ಎಂದು ಮ್ಯಾಕ್ಸ್‌ವೆಲ್ ತೀರ್ಮಾನಿಸಿದನು. ಬೆಳಕು ಅಂಥ ಅಲೆಗಳಲ್ಲಿ ಒಂದು ಬಗೆ ಮಾತ್ರ; ಕಣ್ಣಿಗೆ ಕಾಣದ, ಬೇರೆ ಬೇರೆ ಉದ್ದದ ಅಲೆಗಳೂ ಸಾಧ್ಯವೆಂಬುದು ಅವನ ಸಿದ್ಧಾಂತದಿಂದ ತಾನಾಗಿ ಹೊರಟಿತು. 1865ರಲ್ಲಿ ಪ್ರಕಟವಾದ ಅವನ ಪ್ರಬಂಧ ಈ ವಿಚಾರವನ್ನು ಪೂರ್ಣವಾಗಿ ಮಂಡಿಸಿತು.

ಲೋಕ ಅದನ್ನು ಕೂಡಲೆ ಒಪ್ಪಲಿಲ್ಲ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧನಾದ ಅವನ ಗೆಳೆಯ ವಿಲಿಯಂ ಥಾಮ್ಸನ್ ಕೂಡ ಸಂಶಯಪಟ್ಟನು. ಮ್ಯಾಕ್ಸ್‌ವೆಲ್ ವಾದಕ್ಕಿಳಿಯಲಿಲ್ಲ. 1865ರಲ್ಲಿ ಕೆಲಸ ಬಿಟ್ಟು ಗ್ಲೆನ್‌ಲೇರಿಗೆ ಹೋಗಿ, ಜಮೀನನ್ನು ನೋಡಿಕೊಳ್ಳುತ್ತ, ವಿದ್ಯುತ್ತು ಕಾಂತತೆಗಳ ಮೇಲೆ ಒಂದು ಮಹಾಗ್ರಂಥವನ್ನು ಬರೆದನು. ಅದು 1873ರಲ್ಲಿ ಹೊರಬಂದಿತು. 1871ರಲ್ಲಿ ಕೇಂಬ್ರಿಜ್ ಅವನನ್ನು ಮತ್ತೆ ಕರೆಯಿತು. ಅಲ್ಲಿ ಕ್ಯಾವೆಂಡಿಷ್ ಪ್ರಯೋಗಾಲಯವನ್ನು ಕಟ್ಟಿಸುವ ಹೊಣೆ ಅವನದಾಯಿತು. ಕಟ್ಟಡದ ವಿನ್ಯಾಸದಿಂದ ಉಪಕರಣಗಳವರೆಗೆ ಎಲ್ಲವನ್ನೂ ಅವನೇ ನೋಡಿಕೊಂಡನು. ಕೈಯಿಂದ ಹಣವನ್ನೂ ಹಾಕಿದನು. 1874ರಲ್ಲಿ ಅದು ಆರಂಭವಾಯಿತು.

1879ರಲ್ಲಿ ಅವನಿಗೆ ಹೊಟ್ಟೆಯ ಬೇನೆ ಬಲವಾಯಿತು. ತಾಯಿಯನ್ನು ಕೊಂಡೊಯ್ದ ಕಾಯಿಲೆಯೇ ತನಗೂ ಬಂದಿದೆಯೆಂದು ತಿಳಿದಾಗಲೂ ಅವನು ಎದೆಗುಂದಲಿಲ್ಲ. ತಾನಿಲ್ಲದ ಮೇಲೆ ದುರ್ಬಲೆಯಾದ ಹೆಂಡತಿಯ ಗತಿಯೇನೆಂಬುದೊಂದೇ ಅವನ ಚಿಂತೆಯಾಗಿತ್ತು. ಆ ವರ್ಷ ನವೆಂಬರ್ 5ರಂದು, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಅವನು ಕೇಂಬ್ರಿಜ್ಜಿನಲ್ಲಿ ಕಣ್ಣುಮುಚ್ಚಿದನು. ಗ್ಲೆನ್‌ಲೇರಿನ ಸಮೀಪದ ಪಾರ್ಟನ್ ಎಂಬ ಹಳ್ಳಿಯಲ್ಲಿ ತಂದೆತಾಯಿಗಳ ಬಳಿ ಅವನ ಸಮಾಧಿಯಾಯಿತು. ಆಗ ಉಂಗುರದ ಕಣಗಳನ್ನು ಕಂಡವರಿರಲಿಲ್ಲ. ಕಾಣದ ಅಲೆಗಳನ್ನು ಹುಟ್ಟಿಸಿ ತೋರಿಸಿದವರೂ ಇರಲಿಲ್ಲ.

ಆದರೆ ಸತ್ಯ ಕಾಯಬಲ್ಲದು. 1888ರ ಹೊತ್ತಿಗೆ ಜರ್ಮನಿಯ ಹರ್ಟ್ಸ್ ತನ್ನ ಪ್ರಯೋಗಾಲಯದಲ್ಲಿ ವಿದ್ಯುತ್ ಕಿಡಿಗಳಿಂದ ಆ ಅಲೆಗಳನ್ನು ಹುಟ್ಟಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆಂದು ತೋರಿಸಿದನು. ಕ್ಯಾವೆಂಡಿಷ್‌ನಲ್ಲಿ ಮ್ಯಾಕ್ಸ್‌ವೆಲ್ಲನ ಉತ್ತರಾಧಿಕಾರಿಯಾದ ಲಾರ್ಡ್ ರ‍್ಯಾಲೆಯ ಬಳಿ ಕಲಿತು ಬಂದ ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಪ್ರಯೋಗವನ್ನು ಜನರ ಮುಂದೆ ನಡೆಸಿದರು. ಅದೇ 1895ರಲ್ಲಿ ಅಮೆರಿಕದ ಕೀಲರ್ ಶನಿಯ ಉಂಗುರದ ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದನು. ಬೀಸುವ ಕಲ್ಲು ತಿರುಗುವಾಗ ನಡುವಿಗಿಂತ ಅಂಚೇ ಹೆಚ್ಚು ವೇಗದಲ್ಲಿ ಓಡುವುದಷ್ಟೆ. ಶನಿಯಲ್ಲಿ ಇದು ತಲೆಕೆಳಗಾಗಿತ್ತು; ಉಂಗುರದ ಒಳ ಅಂಚು ಹೊರ ಅಂಚಿಗಿಂತ ವೇಗವಾಗಿ ಸುತ್ತುತ್ತಿತ್ತು. ಬಿಡಿ ಕಣಗಳಾಗಿದ್ದರೆ ಮಾತ್ರ ಅದು ಸಾಧ್ಯ. ಮ್ಯಾಕ್ಸ್‌ವೆಲ್ಲನ ಲೆಕ್ಕಕ್ಕೆ ಮೊದಲ ಸಾಕ್ಷಿ ಹೀಗೆ ದೊರೆಯಿತು. ಆದರೆ ಆ ಕಣಗಳು ಧೂಳೊ ಬಂಡೆಯೊ ಎಂಬುದನ್ನು ಬೆಳಕು ಹೇಳಲಿಲ್ಲ. ಅದನ್ನು ಹೇಳಲು ಅವನ ಇನ್ನೊಂದು ಕಾಣಿಕೆಯೇ ಬೇಕಾಯಿತು.

ಅಮೆರಿಕದ ಜಾನ್ಸ್ಕಿ ಎಂಬ ಎಂಜಿನಿಯರ್ ಆಕಾಶಗಂಗೆಯಿಂದಲೂ ರೇಡಿಯೋ ಅಲೆಗಳು ಬರುತ್ತಿವೆಯೆಂದು 1933ರಲ್ಲಿ ಪ್ರಕಟಿಸಿದನು. ಅಲ್ಲಿಂದ ರೇಡಿಯೋ ದೂರದರ್ಶಕಗಳ ಯುಗ ಮೊದಲಾಯಿತು. ಇವುಗಳಲ್ಲಿ ಗಾಜಿನ ಮಸೂರವಿಲ್ಲ; ದೊಡ್ಡ ಬೋಗುಣಿಯಾಕಾರದ ಲೋಹದ ತಟ್ಟೆ ಆಕಾಶದಿಂದ ಬರುವ ಕ್ಷೀಣವಾದ ಅಲೆಗಳನ್ನು ಒಂದೆಡೆ ಕೂಡಿಸುತ್ತದೆ. ಶಾಖವಿರುವ ಪ್ರತಿಯೊಂದು ವಸ್ತುವೂ ಇಂಥ ಅಲೆಗಳನ್ನು ಹೊರಸೂಸುತ್ತದೆ. ಶನಿಯ ವಾಯುಮಂಡಲ ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂಗಳಿಂದ ಆದುದು; ಅದರ ಮೇಲ್ಭಾಗದಲ್ಲಿ ಅಮೋನಿಯದ ಮೋಡಗಳಿವೆ. ನಾವು ಕಣ್ಣಿನಿಂದ ನೋಡುವುದು ಆ ಮೋಡಗಳ ಮೇಲ್ಮೈಯನ್ನು ಮಾತ್ರ. ರೇಡಿಯೋ ಅಲೆಗಳಾದರೋ ಮೋಡಗಳನ್ನು ತೂರಿ ಕೆಳಗಿನ ಬಿಸಿಯಾದ ಪದರಗಳ ಸುದ್ದಿಯನ್ನು ತರುತ್ತವೆ. ಅಮೋನಿಯ ಹೆಚ್ಚಿರುವೆಡೆ ಅಲೆಗಳು ಹೀರಲ್ಪಟ್ಟು ಗ್ರಹ ಮಂಕಾಗಿ ತೋರುತ್ತದೆ. ಕಡಿಮೆಯಿರುವೆಡೆ ಹೆಚ್ಚು ಆಳದವರೆಗೆ ಕಂಡು ಪ್ರಕಾಶಮಾನವಾಗುತ್ತದೆ.

ಅಮೆರಿಕದ ನ್ಯೂಮೆಕ್ಸಿಕೋ ರಾಜ್ಯದ ಬಯಲಿನಲ್ಲಿ, ತಲಾ 25 ಮೀಟರ್ ಅಗಲದ 27 ತಟ್ಟೆಗಳನ್ನು ಒಂದೇ ಕಣ್ಣಿನಂತೆ ದುಡಿಸುವ ದೂರದರ್ಶಕವೊಂದು 1980ರಲ್ಲಿ ಉದ್ಘಾಟನೆಯಾಯಿತು. ಅದು ತೆಗೆದ ಚಿತ್ರಗಳಲ್ಲಿ ಗ್ರಹದ ಮುಂದೆ ಹಾಯುವ ಉಂಗುರ ಕಪ್ಪು ಪಟ್ಟಿಯಂತೆ ಕಾಣುತ್ತದೆ. ತಣ್ಣಗಿನ ಉಂಗುರ ತಾನಾಗಿ ಹೊರಸೂಸುವುದು ಅತ್ಯಲ್ಪ; ಗ್ರಹದಿಂದ ಬಂದ ಅಲೆಗಳನ್ನು ಅತ್ತಿತ್ತ ಚದರಿಸುವುದೇ ಹೆಚ್ಚು. ಬಹುಮಟ್ಟಿಗೆ ಶುದ್ಧವಾದ ನೀರಿನ ಮಂಜುಗಡ್ಡೆಯ ಗುಣ ಇದು. ಶನಿಯಲ್ಲಿ ಕೆಲವು ದಶಕಗಳಿಗೊಮ್ಮೆ, 1876, 1903, 1933, 1960, 1990 ಮತ್ತು 2010ರಲ್ಲಿ ಎದ್ದಂತೆ, ಮಹಾ ಬಿರುಗಾಳಿಗಳು ಏಳುತ್ತವೆ. ಕಣ್ಣಿಗೆ ಅವುಗಳ ಗುರುತು ಬೇಗ ಅಳಿಸಿಹೋಗುತ್ತದೆ. ಆದರೆ ಇದೇ ದೂರದರ್ಶಕದಿಂದ 2015ರಲ್ಲಿ ನೋಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಗಾಳಿಗಳು ಮೇಲಿನ ಅಮೋನಿಯವನ್ನು ಮಳೆಯಾಗಿ ಆಳಕ್ಕಿಳಿಸುತ್ತವೆ. ಅದರ ಗುರುತು ನೂರಾರು ವರ್ಷ ಮೋಡಗಳ ಕೆಳಗೆ ಉಳಿದಿರುತ್ತದೆ.

ಬರುವ ಅಲೆಗಳನ್ನು ಕೇಳುವುದಷ್ಟೇ ಅಲ್ಲ, ಇಲ್ಲಿಂದ ಅಲೆಗಳನ್ನು ಕಳುಹಿಸಿ ಮಾರ್ದನಿಯನ್ನು ಆಲಿಸುವುದೂ ಸಾಧ್ಯ. 1973ರ ಆರಂಭದಲ್ಲಿ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಎಂಬಲ್ಲಿಂದ ಸುಮಾರು 12.6 ಸೆಂಟಿಮೀಟರ್ ಉದ್ದದ ಅಲೆಗಳನ್ನು ಶನಿಯ ಕಡೆಗೆ ಬಿಡಲಾಯಿತು. ಹೋಗಿ ಬರಲು ಎರಡು ಗಂಟೆಗೂ ಮಿಕ್ಕಿದ ಪಯಣ. ಉಂಗುರಗಳು ನುಣ್ಣನೆಯ ಧೂಳು ಅಥವಾ ಹಿಮದ ಹರಳುಗಳಾಗಿದ್ದರೆ ಅಲೆಗಳು ಅವುಗಳ ನಡುವೆ ನುಸುಳಿ ಹೋಗಬೇಕಾಗಿತ್ತು. ಆದರೆ ಎಲ್ಲರೂ ಅಚ್ಚರಿಪಡುವಷ್ಟು ಬಲವಾದ ಮಾರ್ದನಿ ಮರಳಿತು. ಕಣಗಳಲ್ಲಿ ಬಹುಪಾಲು ಧೂಳಲ್ಲ, ಗಡ್ಡೆಗಳು ಎಂಬುದು ಅಂದು ತಿಳಿಯಿತು.

1980ರ ನವೆಂಬರಿನಲ್ಲಿ ವಾಯೇಜರ್-1 ನೌಕೆ ಶನಿಯ ಬಳಿ ಸಾಗಿ ಉಂಗುರಗಳ ಹಿಂದೆ ಮರೆಯಾಯಿತು. ಅಲ್ಲಿಂದ ಅದು ಎರಡು ಬೇರೆ ಬೇರೆ ಉದ್ದದ ರೇಡಿಯೋ ಅಲೆಗಳನ್ನು ಉಂಗುರಗಳ ಮೂಲಕ ಭೂಮಿಯ ಕಡೆಗೆ ಬಿಟ್ಟಿತು. ದೊಡ್ಡ ಅಲೆ ಸಣ್ಣ ಕಣವನ್ನು ಲೆಕ್ಕಿಸದೆ ದಾಟುತ್ತದೆ; ಸಣ್ಣ ಅಲೆ ಅದಕ್ಕೆ ತಡೆಯುತ್ತದೆ. ಜಾಳಿಗೆಯ ಕಣ್ಣುಗಳನ್ನು ಬದಲಾಯಿಸಿ ಕಾಳನ್ನು ಜರಡಿ ಹಿಡಿಯುವಂತೆ, ಎರಡು ಅಲೆಗಳು ಎಷ್ಟೆಷ್ಟು ಕುಂದಿದವೆಂಬುದನ್ನು ಹೋಲಿಸಿ ಕಣಗಳ ಗಾತ್ರವನ್ನು ತಿಳಿಯಬಹುದು. ಕೆಲವು ಸೆಂಟಿಮೀಟರಿನಿಂದ ಕೆಲವು ಮೀಟರುಗಳವರೆಗಿನ ಗಡ್ಡೆಗಳು ಅಲ್ಲಿವೆಯೆಂದು ಗೊತ್ತಾಯಿತು. 2004ರಲ್ಲಿ ಶನಿಯನ್ನು ತಲಪಿದ ಕ್ಯಾಸಿನಿ ನೌಕೆ 2005ರ ಮೇ ತಿಂಗಳಲ್ಲಿ ಮೂರು ಅಲೆಗಳಿಂದ ಈ ಪರೀಕ್ಷೆಯನ್ನು ಮಾಡಿ, ಕೆಲವು ಪಟ್ಟಿಗಳಲ್ಲಿ 5 ಸೆಂಟಿಮೀಟರಿಗಿಂತ ಸಣ್ಣ ಕಣಗಳೇ ವಿರಳವೆಂದೂ, ಬೇರೆ ಕೆಲವು ಪಟ್ಟಿಗಳಲ್ಲಿ 1 ಸೆಂಟಿಮೀಟರಿಗಿಂತ ಸಣ್ಣವೂ ಹೇರಳವೆಂದೂ ತೋರಿಸಿತು. 2017ರಲ್ಲಿ ತನ್ನ ಕೊನೆಯ ದಿನಗಳಲ್ಲಿ ಅದು ಗ್ರಹಕ್ಕೂ ಉಂಗುರಕ್ಕೂ ನಡುವೆ ಮತ್ತೆ ಮತ್ತೆ ಹಾದುಹೋಯಿತು. ಅದರ ರೇಡಿಯೋ ಅಲೆಗಳಲ್ಲಿ ಆದ ಸೂಕ್ಷ್ಮ ವ್ಯತ್ಯಾಸದಿಂದ ಉಂಗುರಗಳ ಸೆಳೆತವನ್ನು ಅಳೆದು ಅವುಗಳನ್ನು ತೂಗಲಾಯಿತು. ಅವೆಲ್ಲ ಸೇರಿದರೂ ಶನಿಯ ಮೈಮಾಸ್ ಎಂಬ ಪುಟ್ಟ ಚಂದ್ರನ ಐದರಲ್ಲಿ ಎರಡು ಪಾಲಿನಷ್ಟು ಮಾತ್ರ. ಮುಖ್ಯ ಉಂಗುರಗಳ ಹರಹು ಸುಮಾರು 2,70,000 ಕಿಲೋಮೀಟರ್. ದಪ್ಪ ಹೆಚ್ಚಿನೆಡೆಗಳಲ್ಲಿ ಸುಮಾರು ಹತ್ತು ಮೀಟರ್. ಒಂದು ಕಾಗದದ ಹಾಳೆಯನ್ನು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಹಾಸಿದಂತಾಯಿತು.

ಉಂಗುರಗಳ ಒಳಭಾಗದಲ್ಲಿ ಸುಮಾರು 270 ಕಿಲೋಮೀಟರ್ ಅಗಲದ ಒಂದು ಸಂದಿದೆ. ಅದಕ್ಕೆ ಖಗೋಳಜ್ಞರು ಮ್ಯಾಕ್ಸ್‌ವೆಲ್ ಸಂದು ಎಂದು ಹೆಸರಿಟ್ಟಿದ್ದಾರೆ. ಅವನು ಅದನ್ನು ಕಾಣಲಿಲ್ಲ. ತನ್ನ ಎರಡು ಸಾಧನೆಗಳು ಆಕಾಶದಲ್ಲಿ ಒಂದನ್ನೊಂದು ಕೂಡುವುವೆಂದೂ ಅವನು ತಿಳಿದಿರಲಿಲ್ಲ. ಉಂಗುರದ ಲೆಕ್ಕ ಮಾಡುವಾಗ ಅವನ ಮುಂದಿದ್ದುದು ಲಾಭವಲ್ಲ, ಕೀರ್ತಿಯೂ ಅಲ್ಲ. ಗ್ಲೆನ್‌ಲೇರಿನ ಬಾಲಕ ಕರೆಗಂಟೆಯ ತಂತಿಯನ್ನು ಹಿಡಿದು ಕೇಳಿದ ಹಳೆಯ ಪ್ರಶ್ನೆಯೇ. ಉತ್ತರ ತನ್ನ ಕಾಲದಲ್ಲಿ ಪರೀಕ್ಷೆಗೆ ಸಿಗಲಾರದೆಂದು ಅವನು ಲೆಕ್ಕವನ್ನು ಅರ್ಧಕ್ಕೆ ಬಿಡಲಿಲ್ಲ. ಬಹುಮಾನ ಬಂದ ಮೇಲೆಯೂ ತಪ್ಪುಗಳನ್ನು ತಿದ್ದುತ್ತ ಕುಳಿತನು. ಮುಂದಿನವರು ಅಲೆಗಳನ್ನು ಕಳುಹಿಸಿ ನೋಡಿದಾಗ ಉಂಗುರ ಅವನು ಹೇಳಿದಂತೆಯೇ ಇತ್ತು.